ಲಸಿಕೆಯ ವೈರಾಣುವೋ, ರೋಗದ ವೈರಾಣುವೋ?

ರಾಷ್ಟ್ರೀಯ ಜಾನುವಾರು ಮಿಷನ್ 2021ರಲ್ಲಿ ಪರಿಷ್ಕೃತಗೊಂಡ ನಂತರ ಹಂದಿ ಸಾಕಣೆ ಘಟಕಗಳಿಗೆ ಬಂಡವಾಳ ವೆಚ್ಚದ ಶೇ. 50ರಷ್ಟು, ಗರಿಷ್ಠ 30 ಲಕ್ಷ ರೂಪಾಯಿಗಳವರೆಗೆ ಸಹಾಯಧನ ದೊರೆಯುವಂತಾಯಿತು. ಈ ಘಟಕಗಳ ಯೋಜನಾ ವರದಿಗಳಲ್ಲಿ ಶೆಡ್ಡು, ಮರಿ, ಆಹಾರಗಳ ಲೆಕ್ಕ ವಿವರವಾಗಿರುತ್ತದೆ. ರೋಗಪರೀಕ್ಷೆಯ ವೆಚ್ಚ ಕಾಣುವುದು ವಿರಳ.

ಗದಗ ತಾಲ್ಲೂಕಿನ ಕಳಸಾಪುರದಲ್ಲಿ ಉದ್ಯಮಿಯೊಬ್ಬರು ಸಾಲ ಪಡೆದು ಇಂತಹ ಘಟಕ ಸ್ಥಾಪಿಸಿದರೆಂದು ಇಟ್ಟುಕೊಳ್ಳಬಹುದು. ಹಂದಿಗಳಿಗೆ ಕ್ಲಾಸಿಕಲ್ ಸ್ವೈನ್ ಫೀವರ್ ಲಸಿಕೆ ಹಾಕಿಸಲಾಗಿದೆ. (ಮನುಷ್ಯರಿಗೆ ಬರುವ ಎಚ್1ಎನ್1 ಜ್ವರಕ್ಕೂ ಇದಕ್ಕೂ ಸಂಬಂಧವಿಲ್ಲ.) ಎರಡು ವಾರಗಳಲ್ಲಿ ಒಂದು ಹಂದಿ ಸತ್ತು, ಪ್ರಯೋಗಾಲಯದಿಂದ 'ಪಾಸಿಟಿವ್' ಎಂಬ ವರದಿ ಬರುತ್ತದೆ. ಮಾರಾಟ ನಿಲ್ಲುತ್ತದೆ, ಕಂತು ನಿಲ್ಲುವುದಿಲ್ಲ.

ಈ ರೋಗಕ್ಕೆ ನಮ್ಮ ದೇಶದಲ್ಲಿ ಬಳಕೆಯಲ್ಲಿರುವುದು ದುರ್ಬಲಗೊಳಿಸಿದ ಜೀವಂತ ವೈರಾಣುವಿನ ಲಸಿಕೆ. ಅದು ಹುಟ್ಟಿಸುವ ಪ್ರತಿಕಾಯಗಳನ್ನು ರೋಗ ಹುಟ್ಟಿಸುವ ಪ್ರತಿಕಾಯಗಳಿಂದ ರಕ್ತಪರೀಕ್ಷೆ ಬೇರ್ಪಡಿಸಲಾರದು. ಲಸಿಕೆಯ ವೈರಾಣುವಿನ ಅಂಶ ಹಂದಿಯ ಟಾನ್ಸಿಲ್‌ನಲ್ಲಿ ಕೆಲವು ವಾರ ಉಳಿಯುವುದರಿಂದ ಸಾಮಾನ್ಯ ಪಿ.ಸಿ.ಆರ್. ಪರೀಕ್ಷೆಯೂ ಅದನ್ನು 'ಪಾಸಿಟಿವ್' ಎನ್ನಬಹುದು. ತಳಿಯನ್ನು ಗುರುತಿಸುವ ಪ್ರತ್ಯೇಕ ಪಿ.ಸಿ.ಆರ್. ಅಥವಾ ವಂಶವಾಹಿ ವಿಶ್ಲೇಷಣೆ ಮಾತ್ರ ನಿಜಸ್ಥಿತಿ ತಿಳಿಸಬಲ್ಲದು. ಎರಡೂ ಕಡೆಯ ತಪ್ಪು ದುಬಾರಿ: ಲಸಿಕೆಯನ್ನು ರೋಗವೆಂದರೆ ಆರೋಗ್ಯವಂತ ಹಿಂಡು ನಷ್ಟವಾಗುತ್ತದೆ, ರೋಗವನ್ನು ಲಸಿಕೆಯೆಂದರೆ ಸುತ್ತಲಿನ ಹಿಂಡುಗಳೂ ಬಲಿಯಾಗುತ್ತವೆ.

1964ರಿಂದ ಬಳಕೆಯಲ್ಲಿದ್ದ ವೇಬ್ರಿಡ್ಜ್ ತಳಿಯ ಲಸಿಕೆಗೆ ಮೊಲಗಳನ್ನು ಬಲಿಕೊಡಬೇಕಿತ್ತು. ಒಂದು ಮೊಲದಿಂದ ಸುಮಾರು 50 ಡೋಸು ಮಾತ್ರ ದೊರೆಯುತ್ತಿತ್ತು. 2020ರಲ್ಲಿ ಭಾರತೀಯ ಪಶುವೈದ್ಯ ಸಂಶೋಧನಾ ಸಂಸ್ಥೆಯ ಜೀವಕೋಶ ಲಸಿಕೆ ಬಿಡುಗಡೆಯಾಗಿ, ಡೋಸಿನ ವೆಚ್ಚ ಸುಮಾರು 2 ರೂಪಾಯಿಗೆ ಇಳಿಯುವ ನಿರೀಕ್ಷೆ ಮೂಡಿತು. ಲಸಿಕೆ ಅಗ್ಗವಾಗಿ ವ್ಯಾಪಕವಾದಷ್ಟೂ ವ್ಯತ್ಯಾಸ ಗುರುತಿಸುವ ಅಗತ್ಯ ಹೆಚ್ಚುತ್ತದೆ.

ಅಮೆರಿಕ ಹಂದಿಗಳ ಔಜೆಸ್ಕಿ ರೋಗವನ್ನು 2004ರ ವೇಳೆಗೆ ವಾಣಿಜ್ಯ ಹಿಂಡುಗಳಿಂದ ನಿರ್ಮೂಲಗೊಳಿಸಿತು. ಒಂದು ಪ್ರೋಟೀನನ್ನು ಕಳಚಿದ ಲಸಿಕೆ ಹಾಗೂ ಆ ಪ್ರೋಟೀನಿನ ವಿರುದ್ಧದ ಪ್ರತಿಕಾಯವನ್ನು ಹುಡುಕುವ ಪರೀಕ್ಷೆ, ಇವೆರಡನ್ನೂ ಜೊತೆಯಾಗಿ ಬಳಸಿದ್ದೇ ಅದಕ್ಕೆ ನೆರವಾಯಿತು.

ಅಂತಹ ಲಸಿಕೆ ಇಲ್ಲಿಗೆ ಬರುವವರೆಗೆ ದಾಖಲೆಯೇ ಆಧಾರ. ಪ್ರತಿ ಹಂದಿಯ ಕಿವಿಯೋಲೆ ಸಂಖ್ಯೆ, ಲಸಿಕೆಯ ತಳಿ, ಬ್ಯಾಚ್ ಸಂಖ್ಯೆ ಹಾಗೂ ದಿನಾಂಕ ವಹಿಯಲ್ಲಿರಬೇಕು. ಮಾದರಿಯೊಡನೆ ಅದರ ಪ್ರತಿ ಪ್ರಯೋಗಾಲಯಕ್ಕೆ ಹೋಗಬೇಕು. ಬ್ಯಾಂಕುಗಳೂ ವಿಮಾ ಕಂಪನಿಗಳೂ ಈ ವಹಿಯನ್ನು ಕಡ್ಡಾಯಗೊಳಿಸಬೇಕು. ತಳಿ ಗುರುತಿಸುವ ಪರೀಕ್ಷೆಯ ವೆಚ್ಚವನ್ನು ಯೋಜನಾ ವರದಿಯಲ್ಲಿಯೇ ಸೇರಿಸಬೇಕು. ಮೂಲ ವೋಚರಿಲ್ಲದ ನಮೂದನ್ನು ಲೆಕ್ಕಪರಿಶೋಧಕರು ಒಪ್ಪುವುದಿಲ್ಲ. ತಳಿ ತಿಳಿಸದ 'ಪಾಸಿಟಿವ್' ವರದಿಯನ್ನು ಉದ್ಯಮಿಯೂ ಅಂತಿಮವೆಂದು ಒಪ್ಪಬೇಕಾಗಿಲ್ಲ.