ಟಸ್ಕೀಗಿಯಲ್ಲಿ ಸೋತ ಹುಡುಗಿ

1960ರ ರೋಮ್ ಒಲಿಂಪಿಕ್ಸ್ ಎಂದೊಡನೆ ನಮಗೆ ಮಿಲ್ಖಾ ಸಿಂಗ್ ನೆನಪಾಗುತ್ತಾರೆ, ಕೂದಲೆಳೆಯಲ್ಲಿ ಕೈತಪ್ಪಿದ ಆ ಪದಕ ನೆನಪಾಗುತ್ತದೆ. ಅದೇ ಟ್ರ್ಯಾಕಿನಲ್ಲಿ, ಅದೇ ವಾರ, ಅಮೆರಿಕದ ಇಪ್ಪತ್ತರ ಹರೆಯದ ಕಾಲೇಜು ವಿದ್ಯಾರ್ಥಿನಿ ವಿಲ್ಮಾ ರುಡಾಲ್ಫ್ ಮೂರು ಚಿನ್ನ ಗೆದ್ದಳು.

ಆಕೆಯ ಕಥೆ ಹೇಳುವಾಗ ನಾವು ಬಾಲ್ಯದ ಪೋಲಿಯೊದಿಂದ ಒಂದೇ ನೆಗೆತಕ್ಕೆ ಪದಕ ಮುಟ್ಟಿಬಿಡುತ್ತೇವೆ. ಪವಾಡ ಎನ್ನುತ್ತೇವೆ. ಆ ಮಾತು ಆಕೆಯ ತಾಯಿಗೆ ಮಾಡುವ ಅನ್ಯಾಯ. ಮನೆಗೆಲಸ ಮಾಡಿ ಬದುಕುತ್ತಿದ್ದ ಬ್ಲಾಂಚ್, ಕಪ್ಪು ಜನರಿಗೆ ಚಿಕಿತ್ಸೆ ಕೊಡುವ ಆಸ್ಪತ್ರೆ ಹುಡುಕಿ ತಮ್ಮೂರಾದ ಕ್ಲಾರ್ಕ್ಸ್‌ವಿಲ್‌ನಿಂದ ನ್ಯಾಶ್‌ವಿಲ್‌ಗೆ ಸುಮಾರು 80 ಕಿ.ಮೀ. ಬಸ್ಸಿನಲ್ಲಿ ಮಗಳನ್ನು ವಾರವಾರವೂ ಕರೆದೊಯ್ದರು. ಮನೆಯಲ್ಲಿ ಅಕ್ಕ–ಅಣ್ಣಂದಿರು ಸರದಿಯ ಮೇಲೆ ಪೋಲಿಯೊದಿಂದ ಸೊರಗಿದ್ದ ಆ ಎಡಗಾಲನ್ನು ತಿಕ್ಕಿದರು. ಹೀಗೆ ವರ್ಷಗಳು ಹೋದವು.

ನಮ್ಮ ಮಟ್ಟಿಗೆ ಈ ಬದುಕಿನ ನಿಜವಾದ ತಿರುವು 1956ರಲ್ಲಿ, ಅಲಬಾಮಾದ ಟಸ್ಕೀಗಿಯಲ್ಲಿ ನಡೆದ ಓಟದ ಕೂಟದಲ್ಲಿದೆ. ಕಾಲು ಚೇತರಿಸಿ ಓಟಕ್ಕಿಳಿದು, ಊರ ಸುತ್ತಮುತ್ತ ಸೋಲೇ ಕಾಣದ ಹೈಸ್ಕೂಲು ಹುಡುಗಿ ಅಲ್ಲಿ ಓಡಿದ ಪ್ರತಿಯೊಂದು ಓಟದಲ್ಲೂ ಸೋತಳು. ಹುಟ್ಟಿನಿಂದ ಬಂದ ವೇಗ ಎಲ್ಲಿಯವರೆಗೆ ಒಯ್ಯುತ್ತದೆ ಎಂಬುದು ಅವಳಿಗೆ ಅಲ್ಲಿ ತಿಳಿಯಿತು. ಆ ಬೇಸಿಗೆ ಕೋಚ್ ಎಡ್ ಟೆಂಪಲ್ ಬಳಿ ತಾಲೀಮು. ವರ್ಷದ ಕೊನೆಗೆ ಮೆಲ್ಬರ್ನ್: 200 ಮೀಟರಿನಲ್ಲಿ ಹೀಟ್ಸ್‌ನಲ್ಲೇ ಹೊರಗೆ, ರಿಲೇಯಲ್ಲಿ ಕಂಚು. ಆಗ ವಯಸ್ಸು ಹದಿನಾರು.

1958ರಲ್ಲಿ ವಿಲ್ಮಾಗೆ ಮಗಳು ಹುಟ್ಟಿದಳು. ಅದೇ ವರ್ಷ ಟೆನ್ನೆಸೀ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಸೇರಿದಳು. ಓದಿನ ಖರ್ಚಿಗಾಗಿ ಕ್ಯಾಂಪಸ್ಸಿನಲ್ಲೇ ದಿನಕ್ಕೆರಡು ಗಂಟೆ ದುಡಿಮೆ. ಅಭ್ಯಾಸಕ್ಕೆ ಅರ್ಧ ಗಂಟೆ ತಡವಾದ ದಿನ ಟೆಂಪಲ್ ಮೂವತ್ತು ಸುತ್ತು ಹೆಚ್ಚು ಓಡಿಸಿದರು. ಮರುದಿನ ಅರ್ಧ ಗಂಟೆ ಮೊದಲೇ ಬಂದು ಟ್ರ್ಯಾಕಿನಲ್ಲಿ ಕುಳಿತಿದ್ದಳಂತೆ! ರೋಮ್‌ನ ಗೆಲುವು ಇಂಥ ದಿನಗಳಲ್ಲೇ ಕೂಡಿಬಂದಿತೆಂದು ನಾವು ನಂಬುತ್ತೇವೆ. ಅಲ್ಲಿ ರಿಲೇ ಓಡಿದ ನಾಲ್ವರೂ ಆ ಒಂದೇ ಕಾಲೇಜಿನವರು. ಫೈನಲ್‌ನಲ್ಲಿ ಕೊನೆಯ ಬೇಟನ್ ಕೈಬದಲಾಗುವಾಗ ಎಡವಟ್ಟಾಗಿ ಹಿಂದೆ ಬಿದ್ದರೂ ವಿಲ್ಮಾ ಹಿಡಿದು ಮುಂದೆ ಹೋದಳು.

ಊರಿನಲ್ಲಿ ಸನ್ಮಾನ ಎಂದಾಗ ಆಕೆ ಹಾಕಿದ ಷರತ್ತು ಒಂದೇ: ಬಿಳಿಯರು, ಕಪ್ಪು ಜನರು ಒಟ್ಟಿಗೆ ಕೂರಬೇಕು. ಕ್ಲಾರ್ಕ್ಸ್‌ವಿಲ್ ಒಪ್ಪಿತು. ಅಲ್ಲಿ ಹಾಗೆ ನಡೆದ ಮೊದಲ ಸಮಾರಂಭ ಅದು. ಇದನ್ನು ನಾವು ನಾಲ್ಕನೆಯ ಚಿನ್ನ ಎಂದೇ ಎಣಿಸುತ್ತೇವೆ.

1962ರಲ್ಲಿ, ಇನ್ನೂ ಇಪ್ಪತ್ತೆರಡಕ್ಕೆ, ಓಟ ನಿಲ್ಲಿಸಿದಳು. ಮರುವರ್ಷ ಪದವಿ ಮುಗಿಸಿ, ತಾನು ಅಕ್ಷರ ಕಲಿತ ಶಾಲೆಗೇ ಟೀಚರಾಗಿ ಹೋದಳು.