ಯಾಸ್ನಯಾ ಪೊಲ್ಯಾನ ಎಂಬ ಊರು
ಟಾಲ್‌ಸ್ಟಾಯ್ ಹುಟ್ಟಿದ ಊರೆಂದೇ ನಮಗೆ ಗೊತ್ತಿರುವ ಯಾಸ್ನಯಾ ಪೊಲ್ಯಾನ ಇರುವುದು ರಷ್ಯಾದ ತುಲಾ ನಗರದ ಹತ್ತಿರ. ‘ಪೊಲ್ಯಾನ’ ಎಂದರೆ ಕಾಡಿನ ನಡುವಿನ ಬಯಲು, ಇದರಲ್ಲಿ ತಕರಾರಿಲ್ಲ. ‘ಯಾಸ್ನಯಾ’ ಎಂಬುದಕ್ಕೆ ಮಾತ್ರ ಎರಡು ವಿವರಣೆಗಳಿವೆ: ಬೆಳಕು ತುಂಬಿದ್ದು ಎಂಬುದೊಂದು, ರಷ್ಯನ್ನರು ‘ಯಾಸೆನ್’ ಎಂದು ಕರೆಯುವ ಮರದಿಂದ ಬಂದದ್ದು ಎಂಬುದು ಇನ್ನೊಂದು. ಪಕ್ಕದಲ್ಲೇ ಯಾಸೆಂಕಾ ಎಂಬ ಹೊಳೆ ಹರಿಯುವುದರಿಂದ ನನ್ನ ಒಲವು ಮರದ ಕಡೆಗೆ. ಊರಿನ ಚರಿತ್ರೆಯೂ ಮರಗಳಿಂದಲೇ ಶುರುವಾಗುತ್ತದೆ. 16ನೇ ಶತಮಾನದಲ್ಲಿ ಕ್ರೈಮಿಯಾದ ಕುದುರೆ ದಂಡನ್ನು ತಡೆಯಲು ಈ ಭಾಗದ ಕಾಡನ್ನೇ ಕೋಟೆ ಮಾಡಿಕೊಂಡಿದ್ದರು. ಮೋಟು ಉಳಿಯುವಂತೆ ಮರ ಕಡಿದು, ತುದಿ ಶತ್ರುವಿನತ್ತ ಬರುವಂತೆ ಸಾಲಾಗಿ ಉರುಳಿಸುತ್ತಿದ್ದರು. ಆ ಕೊಂಬೆಗಳ ಸಿಕ್ಕಿನೊಳಗೆ ಕುದುರೆ ನುಗ್ಗಲಾರದು. 1763ರಲ್ಲಿ ಇಲ್ಲಿನ ಎಸ್ಟೇಟು ವೊಲ್ಕೊನ್‌ಸ್ಕಿ ಮನೆತನಕ್ಕೆ ಬಂತು. ಆ ಮನೆತನದ ಹೆಣ್ಣುಮಗಳ ಮಗನೇ ಟಾಲ್‌ಸ್ಟಾಯ್. 1859ರಲ್ಲಿ ಅವರು ರೈತರ ಮಕ್ಕಳಿಗಾಗಿ ಶಾಲೆ ತೆರೆದದ್ದೂ ಇಲ್ಲೇ. 1910ರಲ್ಲಿ ಅವರು ತೀರಿಕೊಂಡ ಅಸ್ತಾಪೊವೊ ಈಗ ಲೆವ್ ಟಾಲ್‌ಸ್ಟಾಯ್ ಎಂದು ಹೆಸರು ಬದಲಿಸಿಕೊಂಡಿದೆ. ಹುಟ್ಟೂರು ಮಾತ್ರ ಹಳೆಯ ಹೆಸರನ್ನೇ ಉಳಿಸಿಕೊಂಡಿದೆ, ಒಳ್ಳೆಯದೇ ಆಯಿತು.