ಹಳೆಯ ಮನೆ, ಹೊಸ ಹಂಡೆ

ನಮ್ಮ ಕಡೆಯ ಮನೆಗಳಲ್ಲಿ ಅಡಿಗೆಯ ಒಲೆ ಬದಲಾದ ಮೇಲೂ ಬಚ್ಚಲ ಒಲೆ ಬಹುಕಾಲ ಬದಲಾಗದೆ ಉಳಿದುಕೊಂಡಿತು. ಗ್ಯಾಸಿನ ಮೇಲೆ ಅನ್ನ ಬೇಯಿಸುವ ಗೃಹಿಣಿಯೇ ಸ್ನಾನದ ನೀರಿಗೆ ತೆಂಗಿನ ಮಟ್ಟೆಯನ್ನು ಉರಿಸುತ್ತಾಳೆ. ಹ್ಯಾಂಡ್‌ಪೋಸ್ಟಿನಿಂದ ಸರಗೂರಿನ ದಾರಿಯಲ್ಲಾಗಲಿ, ಹೆಗ್ಗಡದೇವನಕೋಟೆಯ ದಾರಿಯಲ್ಲಾಗಲಿ ಮುಂಜಾನೆ ನಡೆದುಹೋದರೆ ಹೆಂಚಿನ ಮಾಡುಗಳ ಸಂದಿಯಿಂದೇಳುವ ಹೊಗೆ ಇಂದಿಗೂ ಅಲ್ಲಲ್ಲಿ ಕಾಣಸಿಗುತ್ತದೆ. ಹ್ಯಾಂಡ್‌ಪೋಸ್ಟ್ ಎಂದರೆ ದಾರಿ ತೋರುವ ಕೈಮರ. ಚಿಕ್ಕಮಗಳೂರಿನ ಕಡೆ ಒಂದು ಊರಿಗೆ ಕೈಮರವೆಂಬ ಅಚ್ಚಗನ್ನಡದ ಹೆಸರೇ ನಿಂತಿತು. ನಮ್ಮಲ್ಲಿ ಇಂಗ್ಲಿಷೇ ಗಟ್ಟಿಯಾಯಿತು. ಅದಿರಲಿ. ಬಚ್ಚಲ ಬಾಯ್ಲರು ತೂತುಬಿದ್ದ ದಿನ ಮನೆಮಂದಿಯೆಲ್ಲ ಕೈಮರದ ಕೆಳಗೆ ನಿಂತ ದಾರಿಹೋಕರಂತಾಗುತ್ತಾರೆ. ವಿದ್ಯುತ್ತಿನ ಗೀಸರೆ, ಗ್ಯಾಸಿನದೆ, ಸೋಲಾರೆ, ಇಲ್ಲವೇ ಮತ್ತೊಂದು ತಾಮ್ರದ ಬಾಯ್ಲರೆ?

ಇಂಗ್ಲೆಂಡಿನಂಥ ಚಳಿಯ ದೇಶದಲ್ಲಿ ಬಾಯ್ಲರ್ ಎಂದರೆ ಇಡೀ ಮನೆಯನ್ನೇ ಬೆಚ್ಚಗಿಡುವ ಯಂತ್ರ. ನಮ್ಮಲ್ಲಿ ಅದು ಬಚ್ಚಲಿನ ಮೂಲೆಯಲ್ಲಿ ನಿಂತ ತಾಮ್ರದ ಪೀಪಾಯಿ. ಅದರ ಯುಕ್ತಿ ಸರಳವಾದುದು. ನಡುವೆ ಮೇಲಿನಿಂದ ಕೆಳಗಿನವರೆಗೆ ಒಂದು ಕೊಳವೆ, ಕೆಳಗೆ ಬೆಂಕಿ, ಸುತ್ತಲೂ ನೀರು. ಹಂಡೆಯಲ್ಲಾದರೆ ಉರಿ ತಳವನ್ನು ನೆಕ್ಕಿ ಪಕ್ಕಕ್ಕೆ ಹಾರಿಹೋಗುತ್ತದೆ. ಇಲ್ಲಿ ಬಿಸಿ ಹೊಗೆ ನೀರಿನ ನಡುವೆಯೇ ಹಾದುಹೋಗಬೇಕು. ಹೋಗುವಾಗ ತನ್ನ ಕಾವನ್ನು ಅಷ್ಟಿಷ್ಟಾದರೂ ಒಪ್ಪಿಸಿ ಹೋಗುತ್ತದೆ. ಆದುದರಿಂದಲೇ ಹಂಡೆ ಬೇಡುವಷ್ಟು ಸೌದೆಯನ್ನು ಇದು ಬೇಡುವುದಿಲ್ಲ.

ನಮ್ಮ ಮನೆಯಲ್ಲಿ ಈ ಪ್ರಶ್ನೆ ಎದ್ದಾಗ ಮೈಸೂರಿನಲ್ಲಿರುವ ತಮ್ಮಂದಿರು ಒಂದೊಂದು ಅಂಗಡಿಯ ಪರವಾಗಿ ವಕಾಲತ್ತು ವಹಿಸಿದರು. ನಾನು ನೀರು ತುಂಬುವ ಹಬ್ಬದ ಸೊಬಗನ್ನು, ಸುಣ್ಣ ಕೆಮ್ಮಣ್ಣುಗಳ ಪಟ್ಟೆ ಹೊತ್ತು ಹೂಮಾಲೆ ತೊಟ್ಟ ಹಂಡೆಯನ್ನು, ಕೆಂಡದಲ್ಲಿ ಸುಟ್ಟ ಗೆಣಸನ್ನು ವರ್ಣಿಸಹೊರಟೆ. ಅವ್ವ ಎಲ್ಲವನ್ನೂ ಕೇಳಿ, "ನೀರ್ ಕಾಯ್ಸೋಳು ನಾನು, ಪಂಚಾಯ್ತಿ ಮಾಡೋರು ನೀವು" ಎಂದಳು. ಈ ವಿಷಯದಲ್ಲಿ ಅದಕ್ಕಿಂತ ದೊಡ್ಡ ಮಾತನ್ನು ನಾನು ಕೇಳಿಲ್ಲ. ಹಂಡೆಯ ಮೇಲೆ ಮಮತೆಯಿಂದ ಬರೆಯುವವರು ಸಾಮಾನ್ಯವಾಗಿ ನೀರು ಕಾದ ಮೇಲೆ ಏಳುವವರು. ಐದು ಗಂಟೆಗೆ ಎದ್ದು, ಹಸಿಯಾದ ಸೌದೆಗೆ ಊದುಗೊಳವೆ ಹಿಡಿದು, ಕಣ್ಣೊರಸಿಕೊಳ್ಳುವವರು ಬೇರೆ. ಹೊಸದನ್ನು ಆರಿಸುವಾಗ ಮೊದಲು ಕೇಳಬೇಕಾದವರು ಅವರು.

ಲೆಕ್ಕವನ್ನೂ ನೋಡೋಣ. 100 ಲೀಟರ್ ನೀರನ್ನು 20 ಡಿಗ್ರಿಯಿಂದ 45 ಡಿಗ್ರಿಗೆ ಏರಿಸಲು ಸುಮಾರು 3 ಯೂನಿಟ್ ವಿದ್ಯುತ್ತು ಬೇಕು. ನಾಲ್ಕು ಜನರ ಮನೆಗೆ ದಿನಕ್ಕೆ ಅಷ್ಟು ನೀರೆಂದರೆ ತಿಂಗಳಿಗೆ 90 ಯೂನಿಟ್. 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯಿಂದ ಕರೆಂಟು ಬಿಟ್ಟಿಯಾಯಿತು, ಇನ್ನು ಗೀಸರಿಗೇನು ಅಡ್ಡಿ ಎಂದು ಕೆಲವರು ತಿಳಿದಿದ್ದಾರೆ. ಅದು ಹಾಗಲ್ಲ. 200 ಯೂನಿಟ್ ಎಂಬುದು ಮೇಲಿನ ಮಿತಿ. ಬಿಟ್ಟಿ ದೊರೆಯುವುದು ಆ ಮನೆಯ ಹಿಂದಿನ ಸರಾಸರಿ ಬಳಕೆ ಮತ್ತು ಅದರ ಮೇಲೆ ಒಂದಿಷ್ಟು ಮಾತ್ರ. ಸರಾಸರಿ 80 ಯೂನಿಟ್ ಉರಿಸುತ್ತಿದ್ದ ಮನೆ ಗೀಸರನ್ನು ತಂದರೆ, ಹೊಸದಾಗಿ ಸೇರಿದ 90ರಲ್ಲಿ ಬಹುಪಾಲಿಗೆ ಹಣ ತೆರಬೇಕು. ಹಳೆಯ ಮನೆಯಲ್ಲಿ ಮತ್ತೊಂದು ತೊಡಕುಂಟು. 2 ಕಿಲೋವ್ಯಾಟಿನ ಗೀಸರಿಗೆ ದಪ್ಪ ತಂತಿ, 16 ಆಂಪಿಯರಿನ ಪ್ಲಗ್ಗು, ನೆಲಕ್ಕೆ ಸರಿಯಾಗಿ ಇಳಿಸಿದ ಅರ್ಥಿಂಗ್ ಬೇಕು. ಅಪ್ಪನ ಕಾಲದಲ್ಲಿ ಮರದ ಪಟ್ಟಿಯ ಮೇಲೆ ಎಳೆದ ತಂತಿ ಎರಡು ಬಲ್ಬುಗಳಿಗೆಂದು ಎಳೆದದ್ದು. ಒದ್ದೆ ಕೈಯಿಂದ ಮುಟ್ಟುವ ಜಾಗದಲ್ಲಿ ಅದನ್ನು ನಂಬಲಾಗದು. ತಂತಿ ಬದಲಿಸುವ ಖರ್ಚನ್ನೂ ಗೀಸರಿನ ಬೆಲೆಗೇ ಕೂಡಿಸಿ ನೋಡಬೇಕು. ಕೊಳವೆಬಾವಿಯ ಗಡಸು ನೀರಿನಿಂದ ಒಳಗಿನ ಕಾಯಿಲ್ ಸುಣ್ಣಗಟ್ಟುವುದು ಬೇರೆ.

ಗ್ಯಾಸ್ ಗೀಸರಿನ ವಿಷಯದಲ್ಲಿ ನನಗೆ ಎರಡು ಮನಸ್ಸಿಲ್ಲ. ಅದು ಅಗ್ಗ, ಚುರುಕು, ಮತ್ತು ಬಚ್ಚಲಿನೊಳಗೆ ಅಪಾಯಕರ. ಬಾಗಿಲು ಕಿಟಕಿ ಮುಚ್ಚಿದ ಪುಟ್ಟ ಕೋಣೆಯಲ್ಲಿ ಉರಿ ಆಮ್ಲಜನಕವನ್ನು ತಿಂದು ಮುಗಿಸಿದಂತೆ ಕಾರ್ಬನ್ ಮಾನಾಕ್ಸೈಡ್ ಹುಟ್ಟುತ್ತದೆ. ಅದಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ರಕ್ತದ ಹಿಮೋಗ್ಲೋಬಿನ್ನಿಗೆ ಆಮ್ಲಜನಕಕ್ಕಿಂತ 200 ಪಟ್ಟಿಗೂ ಮಿಗಿಲಾದ ಬಲದಿಂದ ಅಂಟಿಕೊಳ್ಳುತ್ತದೆ. ಕೂಗುವ ಮೊದಲೇ ಮನುಷ್ಯ ಕುಸಿಯುತ್ತಾನೆ. 2025ರ ಅಕ್ಟೋಬರಿನಲ್ಲಿ ನಮ್ಮ ನೆರೆಯ ಪಿರಿಯಾಪಟ್ಟಣದಲ್ಲೇ ಸ್ನಾನಕ್ಕೆ ಹೋದ ಇಬ್ಬರು ತರುಣಿಯರು ಮರಳಿ ಬರಲಿಲ್ಲ. ಗ್ಯಾಸ್ ಗೀಸರೇ ಕಾರಣವೆಂಬ ಶಂಕೆ ಪತ್ರಿಕೆಗಳಲ್ಲಿ ಬಂದಿತು. ಹಳೆಯ ಮನೆಗಳಲ್ಲಿ ಬಚ್ಚಲ ಒಲೆಯ ಬಾಯನ್ನು ಗೋಡೆಯಾಚೆಗೆ ಇಟ್ಟು, ಹೊರಗಿನಿಂದ ಸೌದೆ ತುರುಕುತ್ತಿದ್ದುದುಂಟು. ಕಟ್ಟಿದವರಿಗೆ ಈ ಅನಿಲದ ಹೆಸರು ಗೊತ್ತಿರಲಾರದು. ಉರಿ ಎಲ್ಲಿರಬೇಕು, ಮೈ ಎಲ್ಲಿರಬೇಕು ಎಂಬುದು ಗೊತ್ತಿದ್ದಿತು. ಗ್ಯಾಸಿನದೇ ಬೇಕೆನ್ನುವವರು ಯಂತ್ರವನ್ನು ಬಚ್ಚಲಿನ ಹೊರಗೆ, ಗಾಳಿಯಾಡುವ ಕಡೆ ಇಟ್ಟು, ನೀರಿನ ಕೊಳವೆಯನ್ನಷ್ಟೆ ಒಳಗೆ ತರಲಿ.

ಸೋಲಾರಿಗೆ ಸೌದೆಯ ಹಂಗೂ ಇಲ್ಲ, ಬಿಲ್ಲಿನ ಹಂಗೂ ಇಲ್ಲ. ಕಾದ ನೀರು ಹಗುರಾಗಿ ತಾನೇ ಮೇಲೇರುತ್ತದೆ, ತಣ್ಣೀರು ಕೆಳಗಿಳಿಯುತ್ತದೆ, ಪಂಪು ಬೇಡ. ಹಗಲು ಕಾದದ್ದು ಮರುದಿನ ಐದು ಗಂಟೆಗೂ ಬಿಸಿಯಾಗಿಯೇ ಇರುತ್ತದೆ. ಆದರೆ ಹೆಂಚಿನ ಮಾಡು ಆ ಭಾರವನ್ನು ಹೊರಲಾರದು. 100 ಲೀಟರ್ ನೀರೇ 100 ಕಿಲೋ. ಪೀಪಾಯಿ, ಗಾಜು, ಕಬ್ಬಿಣ ಬೇರೆ. ಅದಕ್ಕೂ ಎತ್ತರದಲ್ಲಿ ತಣ್ಣೀರಿನ ತೊಟ್ಟಿ ನಿಲ್ಲಬೇಕು. ಎಂದಮೇಲೆ ಹಿತ್ತಿಲಿನಲ್ಲಿ ಕಬ್ಬಿಣದ ಅಟ್ಟಣೆ ಕಟ್ಟದೆ ಗತ್ಯಂತರವಿಲ್ಲ. ಇನ್ನು ನಮ್ಮ ತಾಲ್ಲೂಕಿಗೆ ವಯನಾಡು ಮಗ್ಗುಲಲ್ಲೇ ಇದೆ. ಜೂನ್ ತಿಂಗಳಿಂದ ಮೋಡ ಕವಿದರೆ ದಿನಗಟ್ಟಲೆ ಬಿಸಿಲಿಲ್ಲ. ಬಿಸಿನೀರು ಹೆಚ್ಚು ಬೇಕಾಗುವ ದಿನಗಳಲ್ಲೇ ಸೂರ್ಯ ರಜೆ ಹಾಕುತ್ತಾನೆ.

ಆದುದರಿಂದ ನನ್ನ ಅಭಿಪ್ರಾಯ ಇಷ್ಟು: ಹಿತ್ತಿಲೂ ತೆಂಗಿನ ಮರಗಳೂ ಇರುವ ಹಳೆಯ ಮನೆಗೆ ಸೋಲಾರನ್ನು ತರಬೇಕು, ತಾಮ್ರದ ಬಾಯ್ಲರನ್ನು ಬೆಸೆಸಿ ಮಳೆಗಾಲಕ್ಕೆ ಉಳಿಸಿಕೊಳ್ಳಬೇಕು. ಒಲೆಯ ಬಾಯಿ ಹೊರಕ್ಕೆ ತಿರುಗಲಿ, ಹೊಗೆಗೊಳವೆ ಮಾಡಿನಿಂದ ಮೇಲಕ್ಕೆ ಹೋಗಲಿ. ಮೂರು ನಾಲ್ಕು ತಿಂಗಳಿಗೆ ಮಟ್ಟೆ, ಚಿಪ್ಪು, ಹತ್ತಿಕಡ್ಡಿ ಸಾಕು. ಹೊಗೆಸೊಪ್ಪು ಹದಮಾಡುವ ಬ್ಯಾರನ್‌ಗಳು ನಮ್ಮ ನಾಲ್ಕು ತಾಲ್ಲೂಕುಗಳ ಸೌದೆಯನ್ನು ನುಂಗುತ್ತಿರುವುದೇ ಬೇಕಾದಷ್ಟಾಗಿದೆ. ಸ್ನಾನಕ್ಕೂ ಮರ ಕಡಿಯುವುದು ಸಲ್ಲದು. ಮುಪ್ಪಿನಲ್ಲಿ ಒಬ್ಬರೇ ಇರುವವರ ಮಾತು ಬೇರೆ. ಅವರಿಗೆ ತಂತಿ ಬದಲಿಸಿ ವಿದ್ಯುತ್ತಿನ ಗೀಸರನ್ನೇ ಹಾಕಿಸಿಕೊಡಿ. ಬಿಲ್ಲನ್ನು ಮಕ್ಕಳು ಕಟ್ಟಲಿ.

ಅವ್ವ ಇದಕ್ಕೆ ಒಪ್ಪಿದ್ದಾಳೆ, ಎರಡು ಷರತ್ತಿನ ಮೇಲೆ. ಹಸುವಿನ ಬೂಸಕ್ಕೂ ಬಿಸಿನೀರು ಸಾಲಬೇಕು. ಸೋಲಾರಿನ ಹಲಗೆ ದಕ್ಷಿಣಕ್ಕೆ ಮುಖಮಾಡಬೇಕೆಂದು, ಅಲ್ಲಿರುವ ಹಲಸಿನ ಮರದ ನೆರಳು ಬೀಳುತ್ತದೆಂದು ಅಳೆಯಲು ಬಂದವನು ಹೇಳಿದ. ಮರದ ಒಂದು ಕೊಂಬೆಯನ್ನೂ ಮುಟ್ಟಕೂಡದು. ಅಟ್ಟಣೆಯನ್ನು ಕೊಟ್ಟಿಗೆಯ ಕಡೆಗೆ ಸರಿಸುವುದೆಂದಾಯಿತು. ಕೊಳವೆ ಇಪ್ಪತ್ತು ಅಡಿ ಹೆಚ್ಚು ಬೇಕಾಗುತ್ತದೆ, ನೀರು ದಾರಿಯಲ್ಲಿ ಆರದಂತೆ ಅದಕ್ಕೆ ಹೊದಿಕೆಯನ್ನೂ ಸುತ್ತಿಸಬೇಕು.